ಇಪ್ಪತ್ತೈದು ಕುದುರೆಗೊಂದು ಕುದುರೆ

ಕಡಲಿಲ್ಲದ ಊರಲ್ಲಿ ದೋಣಿ ಎಂಜಿನ್ನು ಬಿಚ್ಚಿ ಕಟ್ಟುವವನು
ನನಗೆ ಗೊತ್ತಿದ್ದಂತೆ ಒಬ್ಬನೇ, ಮರ್ಫಿ ಟೌನಿನ ಸವರಿಮುತ್ತು.
ಮಾರ್ಚಿ ತಿಂಗಳ ಮಧ್ಯಾಹ್ನ ಅಂಗಡಿಗೆ ಬಂದು
'ಆಚಾರೀ, ಒಂದು ಕುದುರೆ ಬೇಕು' ಅಂದ.

ಬಡಗಿಗಳು ನಾವು ಕುದುರೆ ಅನ್ನೋದು
ನಾಲ್ಕು ಕಾಲಿನ ಮರದ ಗೂಟಕ್ಕೆ,
ಹಲಗೆ ಒರಗಿಸಿ ಗರಗಸ ಎಳೆಯೋದು ಅದರ ಬೆನ್ನಿನ ಮೇಲೆ.
ಎಷ್ಟು ಭಾರ ಕೂರಬೇಕು? ಕೇಳಿದೆ.
'ಇಪ್ಪತ್ತೈದು ಕುದುರೆ.'
ಅವನ ನಗುವಲ್ಲಿ ಒಂದು ಹಲ್ಲು ಇರಲಿಲ್ಲ.

ಹೋಗಿ ನೋಡಿದೆ.
ಹಲಸೂರು ಕೆರೆಯ ಕಳೆ ತೆಗೆಯೋ ದೋಣಿಯದಂತೆ.
ಆಟೋದಲ್ಲಿ ತಂದರಂತೆ, ಪಕ್ಕ ಒಬ್ಬ ಹುಡುಗ
ದಾರಿಯುದ್ದಕ್ಕೂ ಹೆಗಲು ಹಿಡಿದುಕೊಂಡು ಕೂತು.
ರೆಕ್ಕೆಗೆ ಸುತ್ತಿಕೊಂಡಿತ್ತು ಪ್ಲಾಸ್ಟಿಕ್ ದಾರ, ಅಂತರಗಂಗೆ ಬೇರು,
ಯಾವ ವರ್ಷದ್ದೋ ಗಣಪನ ಕೊರಳ ಹಾರದ ಜರಿ.

ಸದ್ಯಕ್ಕೆ ಟೈರಿನ ಮೇಲೆ ಮಲಗಿಸೋಣ ಅಂದೆ.
ಅವನು ನೋಡಿದ ನೋಟ ಇನ್ನೂ ನೆನಪಿದೆ.
'ಕಾಲು ಮೇಲಾಗಿ ತಲೆ ಕೆಳಗಾದರೆ
ಕಾಲಲ್ಲಿರೋ ನೀರೆಲ್ಲ ತಲೆಗೆ.
ದೋಣಿಗೆ ಕಚ್ಚಿಕೊಂಡು ಹೆಂಗೆ ನಿಂತಿತ್ತೋ ಹಂಗೇ ನಿಲ್ಲಬೇಕು.
ದೋಣಿ ಬಿಟ್ಟು ಬಂದಿದೀನಿ ಅಂತ
ಅದಕ್ಕೆ ಗೊತ್ತೇ ಆಗಬಾರದು.'

ಟೇಪು ತೆಗೆದೆ, ಪೆನ್ಸಿಲು ಕಿವಿಯಿಂದ ಇಳಿಸಿದೆ.
ತೂಕ ಎಷ್ಟು ಕಿಲೋ ಅಂತ ಮತ್ತೆ ಕೇಳಿದೆ.
'ಕಿಲೋ ಬಿಡು. ಬೀಳೋದಾದರೆ
ಯಾವ ಕಡೆ ಬೀಳತ್ತೆ ಅಂತ ಕೇಳು.
ತಬ್ಬಿಕೋ.'
ತಬ್ಬಿಕೊಂಡೆ.
ಗ್ರೀಸು, ಪಾಚಿ, ಸುಟ್ಟ ಎಣ್ಣೆ ವಾಸನೆ.
ಮೆಲ್ಲಗೆ ಅದು ಹಿಂದಕ್ಕೆ ವಾಲಿತು,
ಮದುವೆ ಮನೆಯಲ್ಲಿ ನಿದ್ದೆ ಬಂದ ದೊಡ್ಡಪ್ಪನ ಹಾಗೆ.
ಹಿಂಗಾಲು ಒಂದು ಗೇಣು ಆಚೆ ಇಡಬೇಕು
ಅನ್ನೋದು ಎದೆಗೆ ತಿಳಿಯಿತು, ಲೆಕ್ಕಕ್ಕಲ್ಲ.

ಕಾಲಿಗೆ ಮತ್ತಿ. ಅಡ್ಡಕ್ಕೆ ಏನೂ ಸಿಗದೆ
ಕೊನೆಗೆ, ತೇರಿನ ಬೀದಿಯಲ್ಲಿ ಒಡೆದ ಮನೆಯೊಂದರ
ಹೊಸ್ತಿಲು ಇತ್ತು ನನ್ನ ಅಟ್ಟದಲ್ಲಿ, ಹಳೇ ತೇಗ.
ಉಜ್ಜುಗೊರಡು ಎತ್ತಿದೆ. ಸವರಿಮುತ್ತು ಕೈ ಹಿಡಿದ.
ಅರಿಸಿನ ಇಳಿದಿತ್ತು ಮರದ ಒಳಕ್ಕೆ,
ಎಷ್ಟು ಶುಕ್ರವಾರದ್ದೋ.
'ಇರಲಿ ಬಿಡು' ಅಂದ, ಎದೆ ಮೇಲೆ ಶಿಲುಬೆ ಗುರುತು ಮಾಡಿ.
ಹೊಸ್ತಿಲನ್ನ ಎಂಜಿನ್ನು ಎರಡು ಕೈಯಲ್ಲಿ ಹಿಡಿದು ನಿಂತಿತು,
ಒಳಗೆ ಬರಲೋ ಬೇಡವೋ ಅನ್ನೋ ಹಾಗೆ.

ಕೆಳಗಿನ ತಿರುಪು ಬಿಚ್ಚಿದಾಗ ಬೋಗುಣಿಗೆ ಇಳಿದದ್ದು
ಎಣ್ಣೆಯಲ್ಲ, ಹಾಲು ಹಾಕಿದ ಕಾಫಿ.
'ಸೀಲು ಹೋಗಿದೆ. ಕೆರೆ ಒಳಕ್ಕೆ ಬಂದಿದೆ' ಅಂದ,
ಮನೆಗೆ ನುಗ್ಗಿದ ನೆಂಟರ ವಿಷಯ ಹೇಳುವ ಹಾಗೆ.

ಸೀಲು ಚೆನ್ನೈಯಿಂದ ಬರಬೇಕು. ಬರಲಿಲ್ಲ.
ಟೆಂಡರು ಮುಗಿಯಿತು. ದೋಣಿ ಎಲ್ಲಿದೆಯೋ
ಫೋನು ಎತ್ತುವವರಿಗೂ ಗೊತ್ತಿರಲಿಲ್ಲ.
ಕಿಡಿ ಹಚ್ಚೋ ತೂತಿಗೆ ಎಣ್ಣೆ ಬಿಟ್ಟು
ಹಳೇ ಲುಂಗಿ ಹೊದಿಸಿದ.
ಪ್ಲಾಸ್ಟಿಕ್ ಹೊದಿಸಬಾರದಂತೆ, ಬೆವರುತ್ತಂತೆ.

ಜುಲೈಯಲ್ಲಿ ಅವನ ಕಣ್ಣಿನ ಆಪರೇಷನ್ನು.
ನಾಲ್ಕು ವಾರ ನಾನೇ ಹೋಗಿ
ಮೇಲಿನ ಚಕ್ರ ಕೈಯಲ್ಲಿ ಕಾಲು ಸುತ್ತು ತಿರುಗಿಸಿ ಬಂದೆ.
ಒಂದೇ ಕಡೆಗೆ, ನಿಧಾನ. ಒಳಗೆಲ್ಲೋ
ನುಂಗಿದ ಉಗುಳಿನಂಥ ಸದ್ದು.
ಆಮೇಲೆ ಕುದುರೆಯ ಕಾಲು ತಟ್ಟಿ ನೋಡುತ್ತಿದ್ದೆ,
ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರಿಗೆ ಸೀಲೂ ಬಂತು, ಹೊಸ ಗುತ್ತಿಗೆದಾರನೂ ಬಂದ.
ನೀಲಿ ಡ್ರಮ್ಮನ್ನ ಕಾಲಿಗೆ ಕೊಟ್ಟು
ಕಾವೇರಿ ನೀರು ತುಂಬಿಸಿದೆವು, ಮೂರು ದಿನಕ್ಕೊಮ್ಮೆ ಬರೋದನ್ನ,
ಅವನ ಹೆಂಡತಿ ಸೆಲ್ವಮೇರಿ ಎಣಿಸುತ್ತಿದ್ದಳು ಬಿಂದಿಗೆ ಬಿಂದಿಗೆ.
ಹಗ್ಗ ಎಳೆದ. ಇಲ್ಲ. ಎಳೆದ. ಇಲ್ಲ.
ಮೂರನೇ ಸಲಕ್ಕೆ ಇಪ್ಪತ್ತೈದೂ ಒಟ್ಟಿಗೆ ಕೆನೆದವು.
ಶೆಡ್ಡಿನ ತಗಡು ನಡುಗಿತು, ಎದುರು ಮನೆ ನಾಯಿ ಓಡಿತು,
ಹೊಗೆಯೊಳಗೆ ನಾನು ನೋಡುತ್ತಿದ್ದದ್ದು
ಎಂಜಿನ್ನನ್ನಲ್ಲ, ಹಿಂಗಾಲಿನ ಬೆಸುಗೆಯನ್ನ.
ಅದು ಒಂದು ಕೂದಲೂ ಬಿಡಲಿಲ್ಲ.

ಎಂಜಿನ್ನು ಕಳಿಸೋದು ಗುರುವಾರ ಅಂತಾಯಿತು.
ಡ್ರಮ್ಮು ಮೋರಿಗೆ ಚೆಲ್ಲಿದೆವು ಆವತ್ತೇ ಸಂಜೆ,
ಎಣ್ಣೆಯ ಬಣ್ಣ ತೇಲುತ್ತ ಹೋಯಿತು.
ಇಳಿಜಾರು ಇರೋದು ಆ ಕಡೆಗೇ.
ಬುಧವಾರ ರಾತ್ರಿಯೊಳಗೆ ಅದು
ಕೆರೆ ಸೇರಿರಬೇಕು, ಎಂಜಿನ್ನಿಗಿಂತ ಮೊದಲು.